ಚೀಟಿ ತಂತಿಗೆ ಅಲ್ತಾಫ ಟೇಲರನ ಅರಿಕೆ

ಗಜೇಂದ್ರಗಡ,
ಜೂನ್ ೨೦೦೭

ನಮ್ಮ ಅಂಗಡಿಯ ಬಾಗಿಲ ಎಡಗಡೆಯ ಮೊಳೆಯಲ್ಲಿ, ಚೀಟಿಗಳನ್ನು ಮೈಗೆ ಚುಚ್ಚಿಸಿಕೊಂಡು ವಿರಾಜಮಾನರಾಗಿರುವ ಚೀಟಿ ತಂತಿಯವರ ಸನ್ನಿಧಿಗೆ, ಬಸ್ ಸ್ಟ್ಯಾಂಡ್ ಎದುರಿನ ಟೇಲರ್ ಅಲ್ತಾಫ ಕತ್ತರಿ ಕೆಳಗಿಟ್ಟು, ಎದ್ದು ನಿಂತು ಸಲ್ಲಿಸುವ ಸಲಾಮುಗಳು.

ಮಾನ್ಯರೇ,

ತಾವು ನಮ್ಮಲ್ಲಿಗೆ ದಯಮಾಡಿಸಿ ಎಂಟು ತಿಂಗಳಾಯಿತು. ಅಲ್ಲಿಯವರೆಗೆ ನನ್ನ ಕೆಲಸಗಳೆಲ್ಲ ತಲೆಯಲ್ಲೇ ಇರುತ್ತಿದ್ದವು. ಮರೆತರೆ ಗಿರಾಕಿಗಳು ಬಂದು ಬೈದು ನೆನಪಿಸುತ್ತಿದ್ದರು. ಗದಗಿನಲ್ಲಿ ಏನೋ ತರಬೇತಿ ಮುಗಿಸಿ ಬಂದಿದ್ದ ಪ್ರಹ್ಲಾದ ಮಾಸ್ತರರು ಪ್ಯಾಂಟಿನ ಅಳತೆ ಕೊಡುತ್ತ, "ತಲ್ಯಾಗ ಏನೂ ಇಟ್ಕೋಬ್ಯಾಡ ಅಲ್ತಾಫ, ಎಲ್ಲಾ ಚೀಟ್ಯಾಗ ಬರದು ಒಂದ ಕಡೆ ಹಾಕು, ತಲಿ ಹಗುರಾಕ್ಕೈತಿ" ಎಂದು ಉಪದೇಶಿಸಿದ ಫಲವಾಗಿ ತಮ್ಮ ಆಗಮನವಾಯಿತು. ತಲೆ ಖರೇ ಹಗುರಾಯಿತು. ಚೀಟಿ ಬರೆದು ತಮಗೆ ಚುಚ್ಚಿದ ಕೂಡಲೇ ಕೆಲಸವೇ ಮುಗಿದಷ್ಟು ಸಮಾಧಾನವಾಗಿ, ಎದುರಿಗೆ ಹೋಗಿ ಒಂದು ಚಹಾ ಕುಡಿದು ಬರುತ್ತಿದ್ದೆ.

ತಮಗೆ ಚುಚ್ಚಿದ ಮೊಟ್ಟಮೊದಲ ಚೀಟಿ, "ಅಮ್ಮನ ಕಣ್ಣು ತೋರಿಸುವುದು." ನಮ್ಮಮ್ಮ ರಮಜಾನಬಿ ಮೂವತ್ತು ವರ್ಷದಿಂದ ಈ ಅಂಗಡಿಯ ಕಾಜಾ ಹಾಕಿ ಗುಂಡಿ ಹಚ್ಚುವವಳು. ಅದರ ಮೇಲೆ ಪೈಜಾಮ, ಅದರ ಮೇಲೆ ಜಂಪರು, ಹೀಗೆ ತಾವು ಬೆಳೆಯುತ್ತ ಹೋದಿರಿ; ಕೈಗೆ ಮೊದಲು ಸಿಗುವುದು ಮೇಲಿನ ಚೀಟಿಯಾದ್ದರಿಂದ, ಲಕ್ಕಲಕಟ್ಟಿಯ ಗಿರಾಕಿ ಗೌಸುಸಾಬರು ನಿನ್ನೆ ಹೇಳಿದ್ದು ಇವತ್ತೇ ಆಗುತ್ತಿತ್ತು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆಯನ್ನು ಇಷ್ಟು ಅಚ್ಚುಕಟ್ಟಾಗಿ ನಡೆಸಿಕೊಟ್ಟ ತಮ್ಮ ದಕ್ಷತೆಗೆ ಯಾವ ಸಾಹೇಬರೂ ಸಾಟಿಯಲ್ಲ.

ಈ ನಡುವೆ ಗುಂಡಿಗಳು ಸೊಟ್ಟಾಗಿವೆಯೆಂಬ ದೂರುಗಳು ಬರತೊಡಗಿದವು. ನಾನು ಪ್ರತಿಯೊಂದನ್ನೂ ಶ್ರದ್ಧೆಯಿಂದ ಬರೆದು ತಮಗೇ ಒಪ್ಪಿಸಿದೆ. ಮೊನ್ನೆ ಸವಡಿಯ ಕಳಕವ್ವ ಗಂಡನ ಅಂಗಿ ತಂದು ಮುಖಕ್ಕೆ ಹಿಡಿದು, "ಗುಂಡಿ ಎದಿ ಮ್ಯಾಲೆ ಹಚ್ತಾರೋ, ಕಿಸೆ ಮ್ಯಾಲೆ ಹಚ್ತಾರೋ?" ಎಂದಳು. ಅದನ್ನೂ ಬರೆದು ಚುಚ್ಚಲು ಹೋದರೆ ತಮ್ಮಲ್ಲಿ ಜಾಗವೇ ಇರಲಿಲ್ಲ. ಎಲ್ಲವನ್ನೂ ಕಿತ್ತು ನೋಡಿದೆ. ಮೇಲಿನ ಮೂವತ್ತೆರಡು ಚೀಟಿ ಸೊಟ್ಟ ಗುಂಡಿಯವು; ಎಲ್ಲಕ್ಕಿಂತ ಕೆಳಗೆ, ತುಕ್ಕಿನ ಕಲೆ ಹತ್ತಿ, ಅಮ್ಮನ ಕಣ್ಣು.

ಯಾಕೆ ಹೇಳಲಿಲ್ಲವೆಂದು ಅಮ್ಮನಿಗೇ ಜೋರು ಮಾಡಿದೆ. ಆಕೆ ಸೂಜಿಯ ತೂತನ್ನು ಬೆರಳಿಂದ ಹುಡುಕುತ್ತ, "ನೀ ಬರದಿಟ್ಟೀಯಲ್ಲಪಾ, ಮಾಡ್ತಿ ಅಂತ ಸುಮ್ಮಕಿದ್ದೆ" ಅಂದಳು.

ಆದಕಾರಣ ತಮ್ಮಲ್ಲಿ ನನ್ನ ವಿನಂತಿ ಇಷ್ಟೇ: ತಾವು ದಯವಿಟ್ಟು ತಲೆಕೆಳಗಾಗಿ ನಿಂತು ಹಳೆಯ ಚೀಟಿಯನ್ನೇ ಮೊದಲು ಕೊಡತಕ್ಕದ್ದು, ನಾನು ಚಹಾಕ್ಕೆ ಹೊರಟಾಗಲೆಲ್ಲ ಹೆಬ್ಬೆರಳಿಗೆ ಒಮ್ಮೆ ಚುಚ್ಚತಕ್ಕದ್ದು, ಎರಡೂ ಆಗದಿದ್ದರೆ, ಕೆಲಸ ತಮಗೇ ಒಪ್ಪಿಸಿದ್ದರಿಂದ, ಮುಂಜಾನೆಯ ಹುಬ್ಬಳ್ಳಿ ಬಸ್ಸಿನಲ್ಲಿ ಅಮ್ಮನನ್ನು ತಾವೇ ಕಣ್ಣಿನ ದವಾಖಾನೆಗೆ ಕರೆದೊಯ್ಯತಕ್ಕದ್ದು. ಮೊಳೆ ಬಿಟ್ಟು ಬರಲು ತಮಗೆ ಬಿಡುವಿಲ್ಲವೆಂದು ತಿಳಿದು, ನಾಳೆ ಅಂಗಡಿ ಮುಚ್ಚಿ ನಾನೇ ಹೊರಟಿದ್ದೇನೆ.

ಇಷ್ಟಾದರೂ ತಮ್ಮ ವಿಶ್ವಾಸಿಯೇ ಆಗಿರುವ,
ಅಲ್ತಾಫ ಟೇಲರ್

ತಾ.ಕ.: "ತಂತಿಯನ್ನು ಗುಜರಿಗೆ ಹಾಕುವುದು" ಎಂದು ಒಂದು ಚೀಟಿ ಬರೆದು, ಅಮ್ಮನ ಚೀಟಿ ಇದ್ದ ಜಾಗದಲ್ಲೇ, ಎಲ್ಲಕ್ಕಿಂತ ಕೆಳಗೆ ಚುಚ್ಚಿದ್ದೇನೆ. ತಾವು ಹೆದರುವ ಕಾರಣವಿಲ್ಲ.