ಮಾವ ಕೇಳುತ್ತಿದ್ದ ಮೊದಲ ಪ್ರಶ್ನೆ

ಬಂದ ಗಿರಾಕಿಯನ್ನು ಓಡಿಸುವುದರಲ್ಲಿ ನನ್ನ ಸೋದರಮಾವನನ್ನು ಮೀರಿಸುವವರು ಬಳ್ಳಾರಿ ಜಿಲ್ಲೆಯಲ್ಲೇ ಇರಲಿಲ್ಲ! ಅರವತ್ತರ ದಶಕದಲ್ಲಿ ಮುಂಬಯಿಗೆ ಹೋಗಿ ಆರ್ಕಿಟೆಕ್ಟ್ ಆಗಿ ಬಂದವರು. ಆ ಪದವೇ ಊರಿಗೆ ಹೊಸದು. ಜನ ಅವರನ್ನು 'ನಕ್ಷೆ ಇಂಜಿನಿಯರ್ರು' ಎಂದು ಕರೆದು ಸುಮ್ಮನಾದರು.

ಮನೆ ಕಟ್ಟಿಸುವವರು ಬಂದರೆ ಸೈಟು ಎಷ್ಟು, ಕೋಣೆ ಎಷ್ಟು ಎಂದು ಕೇಳಬೇಕಲ್ಲವೇ? ಮಾವನ ಮೊದಲ ಪ್ರಶ್ನೆಯೇ ಬೇರೆ.

"ಹಿರೇರು ತೀರಿಕೊಂಡ್ರ ಎಲ್ಲಿ ಕುಂದ್ರಸ್ತೀರಿ? ಯಾವ ಬಾಗಲ್ದಾಗಿಂದ ಹೊರಗ ತರ್ತೀರಿ?"

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಗೋಡೆಗೆ ಆನಿಸಿ ಕೂಡಿಸಿ, ವಿಭೂತಿ ಹಚ್ಚಿ, ಕೂತ ಹಾಗೆಯೇ ಎತ್ತಿ ಹೊರಗೆ ತರುತ್ತೇವೆ. ಮಾವ ಹುಟ್ಟಿದ ಕುರುಗೋಡಿನ ಮನೆಯ ಬಾಗಿಲು ತೀರ ಗಿಡ್ಡ. ಅವರ ತಾಯಿಯನ್ನು ಹೊರತರುವಾಗ ಹಣೆ ಬಾಗಿಲಿನ ಮೇಲ್ಪಟ್ಟಿಗೆ ಬಡಿದದ್ದನ್ನು ಅವರು ಚಿಕ್ಕಂದಿನಲ್ಲೇ ಕಂಡಿದ್ದರು. ಮುಂಬಯಿಯ ಕಾಲೇಜು ಏನು ಕಲಿಸಿತೋ ಗೊತ್ತಿಲ್ಲ, ಅವರ ವಾಸ್ತುಶಿಲ್ಪವೆಲ್ಲ ಆ ಬಾಗಿಲಿನಲ್ಲೇ ಹುಟ್ಟಿದ್ದು. ಬದುಕಿರುವ ಮನುಷ್ಯ ಎಲ್ಲಿ ಬೇಕಾದರೂ ತಲೆ ತಗ್ಗಿಸುತ್ತಾನೆ, ಸತ್ತ ಮೇಲೆ ತಗ್ಗಿಸಲಾರ, ಆದ್ದರಿಂದ ಬಾಗಿಲು ಎತ್ತರವಿರಬೇಕು ಎಂಬುದು ಅವರ ಸಿದ್ಧಾಂತ.

ಸಿರುಗುಪ್ಪದ ಅಕ್ಕಿ ವ್ಯಾಪಾರಿಯೊಬ್ಬರು ಒಮ್ಮೆ ತಮ್ಮ ವಯಸ್ಸಾದ ತಂದೆಯನ್ನೂ ಕರೆದುಕೊಂಡು ಬಂದರು. ಮಾವ ಪ್ರಶ್ನೆ ಕೇಳಿದ್ದಲ್ಲದೆ, ಟೇಪು ಹಿಡಿದು ಆ ಮುದುಕರು ಕೂತಿದ್ದ ಎತ್ತರವನ್ನು ಅಳೆಯಲು ಹೋಗಬೇಕೇ! ವ್ಯಾಪಾರಿ ಚಹಾ ಅಲ್ಲೇ ಬಿಟ್ಟು ಎದ್ದರು. ಮುದುಕರು ಮಾತ್ರ ಬೆನ್ನು ನೆಟ್ಟಗೆ ಮಾಡಿಕೊಂಡು ಅಳತೆ ಕೊಡಲು ತಯಾರಾಗಿದ್ದರಂತೆ.

ಕೊನೆಗೆ ಮಾವನಿಗೆ ಉಳಿದದ್ದು ಹತ್ತಿ, ಭತ್ತದ ಗೋದಾಮುಗಳು. ಅಲ್ಲಿ ಸಾಯುವವರು ಯಾರು? ಆದರೂ ಬಾಗಿಲು ಮಾತ್ರ ಎತ್ತರವೇ.

ಅತ್ತೆಗಿದ್ದದ್ದು ಒಂದೇ ಆಸೆ, ಸ್ವಂತ ಮನೆ. ಕಂಟೋನ್ಮೆಂಟಿನಲ್ಲಿ ಬಾಡಿಗೆಗಿದ್ದರು, ಕೊಳಗಲ್ಲಿನ ದಾರಿಯಲ್ಲಿ ಜಾಗವಿತ್ತು. ಮಾವ ನಕ್ಷೆ ಬರೆಯುವರು, ಬಾಗಿಲು ಸರಿಬರಲಿಲ್ಲವೆಂದು ಹರಿದು ಹಾಕುವರು. ವರ್ಷಗಟ್ಟಲೆ ಇದೇ ಕಥೆ. ಒಂದು ದಿನ ಅತ್ತೆ ಕೇಳಿಯೇಬಿಟ್ಟರು:

"ನಾ ಸತ್ರ ಹೆಂಗ ಹೊರಗ ತರಬೇಕಂತ ಬರಕೋತ ಕುಂತೀರಿ. ಇರೋತನಕ ಎಲ್ಲಿರ್ಲಿ, ಅದನ್ನ ಹೇಳ್ರಿ."

ಮಾವ ಪೆನ್ಸಿಲ್ ಚೂಪು ಮಾಡುತ್ತ ಕೂತರು. ನಾವೆಲ್ಲ ನಕ್ಕೆವು, ಅತ್ತೆ ನಗಲಿಲ್ಲ.

ಅತ್ತೆ ಆ ಬಾಡಿಗೆ ಮನೆಯಲ್ಲೇ ತೀರಿಕೊಂಡರು. ಅದರ ಬಾಗಿಲೂ ಗಿಡ್ಡ. ಕುರ್ಚಿಯ ಸಮೇತ ಅವರನ್ನು ಎತ್ತಿ ತಂದ ನಾವು ಹೊಸ್ತಿಲಲ್ಲಿ ತಡೆದು ನಿಂತೆವು. ಮಾವ ಮುಂದೆ ಬಂದು ಅತ್ತೆಯ ಹಣೆಗೂ ಮೇಲ್ಪಟ್ಟಿಗೂ ನಡುವೆ ತಮ್ಮ ಅಂಗೈ ಇಟ್ಟರು.

"ಸಾವಕಾಶ ತರ್ರಿ," ಎಂದರು.

ಕೈಯ ಹಿಂಬದಿ ತರಚಿ ರಕ್ತ ಬಂತು. ಅಂಗೈಗೆ ಅತ್ತೆಯ ವಿಭೂತಿ ಅಂಟಿತ್ತು. ಆ ಸಂಜೆ ಎಷ್ಟು ಸಲ ಊಟಕ್ಕೆ ಕರೆದರೂ ಮಾವ ಕೈ ತೊಳೆಯಲು ಏಳಲಿಲ್ಲ.