ನಾಲ್ಕು ಖೋಲಿಯ ಹೃದಯ

ಏಳು ಸಮುದ್ರದಾಚೆ, ಗಿಳಿಯ ಕೊರಳಲ್ಲಿ ಜೀವ ಬಚ್ಚಿಟ್ಟ ರಾಕ್ಷಸನೊಬ್ಬನಿದ್ದನಂತೆ. ರಬಕವಿಯ ವಿಜ್ಞಾನದ ಮಾಸ್ತರ ಬಾಳೇಶ ತನ್ನ ಜೀವವನ್ನು ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡಿದ್ದ. ಅದು ಜಾರಿದಾಗಲೆಲ್ಲ ಜೀವಕ್ಕೇ ಬರುತ್ತಿತ್ತು.

ಹತ್ತನೆಯ ತರಗತಿಯ ಭಾಗ್ಯಾಳಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಪಾಠ ಓದಿ ಹೇಳುತ್ತಿದ್ದ ಅಕ್ಕ ಮದುವೆಯಾಗಿ ಬೀಳಗಿಗೆ ಹೋಗಿದ್ದಳು. ಅಂದು ಭಾನುವಾರ, ನಾಳೆಯೇ ಹೃದಯದ ಪಾಠದ ಪರೀಕ್ಷೆ.

"ಚಿಂತಿ ಬಿಡವಾ. ಇವತ್ತ ಸಂಜಿಯೊಳಗ ನಿನಗ ಡಿಜಿಟಲ್ ಪಾಠ ಮಾಡಿ ಕೊಡ್ತೀನಿ. ಒಂದ ತಾಸಿನ ಕೆಲಸ!" ಎಂದುಬಿಟ್ಟ ಬಾಳೇಶ.

ಮನೆಗೆ ಬಂದು ಕಂಪ್ಯೂಟರಿನ ಮುಂದೆ ಕೂತ. ಎಡಕ್ಕೆ ನೆರೆಮನೆಯ ಲಗಮವ್ವನ ಪವರ್‌ಲೂಮು, ಬಲಕ್ಕೆ ನೆರೆಯ ಕಾಮಣ್ಣನದು. ಪಾಠ ಓದಿ ರೆಕಾರ್ಡ್ ಮಾಡಿದ್ದನ್ನು ಹಾಕಿ ಕೇಳಿದರೆ ಬರೀ ಮಗ್ಗದ ಖಟಕ್ ಖಟಕ್. ಅಟ್ಟಿಸಿಕೊಂಡು ಓಡಿದ ಎಮ್ಮೆಯ ಎದೆಬಡಿತದಂತೆ!

"ಲಗಮವ್ವಾ, ಒಂದೀಟು ಮಗ್ಗ ನಿಲ್ಲಸ್ತೀಯೇನು?"

"ನಿಲ್ಲಸ್ತೀನ್ರಿ ಮಾಸ್ತರ. ನನ್ನ ಕೆಲಸ ನೀವು ಮಾಡ್ತೀರೇನು?"

ಹನ್ನೊಂದಕ್ಕೆ ಕರೆಂಟು ಹೋಯಿತು. ಇಡೀ ಊರು ಉಸಿರು ಹಿಡಿದಂತೆ ಸದ್ದಡಗಿತು. ಬಾಳೇಶ ಖುಷಿಯಿಂದ ಮೈಕಿನತ್ತ ಬಾಗಿದ. ಕಂಪ್ಯೂಟರೂ ಕಣ್ಣು ಮುಚ್ಚಿತ್ತು.

ಸೋಲಲಿಲ್ಲ. ಮೊಬೈಲು ಹಿಡಿದು ಶುರುಮಾಡಿದ: "ಹೃದಯದಲ್ಲಿ ನಾಲ್ಕು ಕೋಣೆಗಳಿವೆ. ಚಿತ್ರವನ್ನು ಗಮನಿಸಿರಿ..."

ಕರೆಂಟು ಹೋದರೆ ಕಾಮಣ್ಣನಿಗೇನು ಕೆಲಸ? ಬಂದು ಮಾಸ್ತರನ ಪಡಸಾಲೆಯಲ್ಲಿ ಕೂತ. ಲಗಮವ್ವನಿಗೆ ಮಾತ್ರ ಆಗಲೂ ಬಿಡುವಿಲ್ಲ. ಮಗ್ಗಕ್ಕೆ ಬೇಕಾದ ನೂಲನ್ನು ಕಂಡಿಕೆಯೆಂಬ ಪುಟ್ಟ ಕೊಳವೆಗೆ ಸುತ್ತಲು ರಾಟಿಯೊಂದಿಗೇ ಬಂದಳು.

"ನಾಕ ಖೋಲಿ? ನಮ್ಮ ಮನ್ಯಾಗ ಎರಡ ಅದಾವಲ್ಲೋ!" ಎಂದ ಕಾಮಣ್ಣ.

ಲಗಮವ್ವ ಮಾಸ್ತರನ ಕೈಯಿಂದ ಪುಸ್ತಕ ಕಸಿದು ಚಿತ್ರದ ಮೇಲೆ ಬೆರಳಾಡಿಸಿದಳು. "ಲೇ ಕಾಮಣ್ಣಾ, ನಿನ್ನ ಮುಷ್ಟಿ ಬಿಗಿ. ಅಷ್ಟ ದೊಡ್ಡದು. ಮ್ಯಾಲ ಎರಡ ಖೋಲಿ, ಕೆಳಗ ಎರಡ, ನಡುವ ಗ್ವಾಡಿ. ಬಾಣದ ಗುರ್ತ ನೋಡು, ರಕ್ತ ಮ್ಯಾಲಿಂದ ಕೆಳಗ ಇಳೀತೈತಿ. ಬಾಗಲಾ ಒಂದ ಕಡೀಗಷ್ಟ ತೆರೀತಾವು. ನಮ್ಮ ಅತ್ತೀ ಮನಿಯಂಗ, ಒಳಗ ಹೋದದ್ದು ಹೊಳ್ಳಿ ಬರಂಗಿಲ್ಲ!"

"ರೆಕಾರ್ಡಿಂಗ್ ಕೆಡಿಸಿದ್ರಲ್ಲೋ!" ಬಾಳೇಶ ಇಬ್ಬರನ್ನೂ ಹೊರಗಟ್ಟಿ, ಕದ ಹಾಕಿ, ಎರಡು ಕೌದಿ ಹೊದ್ದು ಮತ್ತೆ ಮೊದಲಿನಿಂದ ಓದಿದ. ಮುಗಿಸಿ ಎದ್ದಾಗ ಹಬೆಯಲ್ಲಿ ಬೆಂದ ಕಡುಬಾಗಿದ್ದ. ಆದರೆ ಪಾಠ? ತಿಳಿನೀರಿನಂತೆ ಸ್ಪಷ್ಟವಾಗಿ ಬಂದಿತ್ತು.

ಸಂಜೆ ಭಾಗ್ಯಾಳ ಕೈಗೆ ಮೊಬೈಲು ಕೊಟ್ಟ. ಗಡಿಬಿಡಿಯಲ್ಲಿ, ಲಗಮವ್ವನ ಮಾತು ಸೇರಿ ಕೆಟ್ಟಿದ್ದ ಮೊದಲಿನ ಪಾಠವನ್ನು ಅಳಿಸಲು ಮರೆತಿದ್ದ. ಅವಳು ಕಿವಿಗೆ ವೈರು ಸಿಕ್ಕಿಸಿಕೊಂಡು ಎರಡನ್ನೂ ಕೇಳಿದಳು.

"ಹೆಂಗೈತವಾ?" ಬಾಳೇಶನ ಎದೆ ಉಬ್ಬಿತ್ತು.

"ನಿಮ್ಮ ದನಿ ಗಂಟಿ ಬಾರಿಸಿದಂಗ ಐತ್ರಿ ಸರ್. ಆದರ ಏಳ ಸಲ 'ಚಿತ್ರ ಗಮನಿಸಿರಿ' ಅಂದೀರಿ." ಅವಳು ನಕ್ಕಳು. "ನಾ ಎಲ್ಲಿ ನೋಡ್ಲಿರಿ?"

ಬಾಳೇಶ ನಾಲಿಗೆ ಕಚ್ಚಿಕೊಂಡ.

ಭಾಗ್ಯಾ ಮುಷ್ಟಿ ಬಿಗಿದು ಎದೆಗಿಟ್ಟುಕೊಂಡಳು. "ಮ್ಯಾಲ ಎರಡ ಖೋಲಿ, ಕೆಳಗ ಎರಡ, ನಡುವ ಗ್ವಾಡಿ. ಬಾಗಲಾ ಅತ್ತೀ ಮನೀವು! ನಾಳಿನ ಪರೀಕ್ಷಾ ಗೆದ್ದಂಗ ಬಿಡ್ರಿ. ಸರ್, ಉಳದ ಹದಿನಾರು ಪಾಠಾನೂ 'ಮುಷ್ಟಿ ಬಿಗಿ' ಅಂದ ಆ ಆಯೀ ಕಡಿಂದನ ಹೇಳಸ್ರಿ."

ಮರುದಿನ ಸಾಲೆ ಬಿಟ್ಟ ಮೇಲೆ ಕರೆಂಟು ಹೋಯಿತು. ಮಾಸ್ತರನ ಕುರ್ಚಿಯಲ್ಲಿ ಲಗಮವ್ವ ಕೂತಿದ್ದಳು, ಮೊಬೈಲು ಬಾಯಿಯ ಹತ್ತಿರ. ಕೆಳಗೆ, ರಾಟಿಯ ಮುಂದೆ ಬಾಳೇಶ. ಕೊರಳತನಕ ನೂಲು ಸುತ್ತಿಕೊಂಡು ಕಂಡಿಕೆ ಹುಡುಕುತ್ತಿದ್ದ.

"ಲಗಮವ್ವಾ, ಈ ಎಳಿ—"

"ಶ್! ಸುಮ್ನ ಸುತ್ರಿ ಮಾಸ್ತರ. ರೆಕಾರ್ಡಿಂಗ್ ನಡದೈತಿ."