ಹೊಳಿಯವ್ವನ ಐದು ಅಲಾರಾಂ

"ಇವತ್ತಿನಿಂದ ಈ ಮನ್ಯಾಗ ಮರವು ಅನ್ನೂದು ಸತ್ತು ಹೋತು ಅಂತ ತಿಳ್ಕೋರಿ!"

ಹೀಗೆಂದು ಸಾರಿ ಹೊಳಿಯವ್ವ ಹೊಸ ಮೊಬೈಲಿಗೆ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ದೇವರ ಜಗುಲಿಯ ಮೇಲೆ ಇಟ್ಟಳು. ಮಗ ಫಕ್ಕೀರೇಶ ಮತ್ತು ಸೊಸೆ ಅಂಜಲಿ ಕೈ ಮುಗಿಯಬೇಕೋ ಬೇಡವೋ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮರೆವಿಗೆ ಮರಣದಂಡನೆ ವಿಧಿಸಲು ಕಾರಣ ಇಲ್ಲದಿರಲಿಲ್ಲ. ಫಕ್ಕೀರೇಶನಿಗೆ ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನಲ್ಲಿ ಮೆಣಸಿನಕಾಯಿ ಚೀಲಗಳ ಮೇಲ್ವಿಚಾರಣೆಯ ಕೆಲಸ. ರಾಣೆಬೆನ್ನೂರಿನಿಂದ ಬೆಳಗಿನ ರೈಲು ಹಿಡಿದರೆ ಆಯಿತು, ಇಲ್ಲವಾದರೆ ಬಸ್ಸಿನಲ್ಲಿ ಒಂಟಿಕಾಲು. ಅಂಜಲಿಗೆ ಬೀಜದ ಕಂಪನಿಯಲ್ಲಿ ಮೊಳಕೆ ಎಣಿಸುವ ಕೆಲಸ. ನೂರು ಬೀಜದಲ್ಲಿ ಎಷ್ಟು ಮೊಳೆತವೆಂದು ತಪ್ಪದೆ ಹೇಳುವ ಈ ಹುಡುಗಿ, ತನ್ನ ಹೊಟ್ಟೆಯಲ್ಲಿ ಮೊಳೆತ ಕೂಸಿಗಾಗಿ ಡಾಕ್ಟರು ಬರೆದುಕೊಟ್ಟ ಒಂದೇ ಒಂದು ಗುಳಿಗೆಯನ್ನು ದಿನಾ ಮರೆಯುತ್ತಿದ್ದಳು! ಇನ್ನು ನಾಲ್ಕು ದಿನಕ್ಕೊಮ್ಮೆ ಬರುವ ನಳದ ನೀರನ್ನು ಒಮ್ಮೆ ಸ್ವತಃ ಹೊಳಿಯವ್ವನೇ ಮರೆತು, ಅಂಗಳವೆಲ್ಲ ಕೆರೆಯಾಗಿತ್ತು. ಆ ಸಂಗತಿಯನ್ನು ಮಾತ್ರ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಹೊಳಿಯವ್ವನಿಗೆ ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. ಅಂಕಿ ಮಾತ್ರ ಬೆರಳ ತುದಿಯಲ್ಲಿ. ಗಂಡ ತೀರಿಕೊಂಡ ಮೇಲೆ ಬ್ಯಾಡಗಿ ಯಾರ್ಡಿನಲ್ಲಿ ಹದಿನೆಂಟು ವರ್ಷ ಮೆಣಸಿನಕಾಯಿಯ ತೊಟ್ಟು ಬಿಡಿಸಿ ಮಗನನ್ನು ಬೆಳೆಸಿದವಳು. ಒಂದು ತೊಟ್ಟು ಉಳಿಯಬಾರದು, ಒಂದು ಕಾಯಿ ಮುರಿಯಬಾರದು! ಅಂಥವಳಿಗೆ ಸ್ಟೇಶನ್ ರೋಡಿನ ಮೊಬೈಲ್ ಅಂಗಡಿಯ ಮುಸ್ತಾಕ್ ಹೇಳಿದ ಮಾತು ಅಮೃತದಂತೆ ಕೇಳಿಸಿತ್ತು.

"ಯವ್ವಾರ, ಇದು ಚೀನಾ ಮಾಲ್. ಓದೂದು ಬ್ಯಾಡ, ಬರಿಯೂದು ಬ್ಯಾಡ. ನೀವು ಒಮ್ಮಿ ಮಾತಾಡಿ ಇಡ್ರಿ, ಹೇಳಿದ ಟೈಮಿಗೆ ನಿಮ್ಮ ದನೀಲೆ ಒದರತೈತಿ. ಒಟ್ಟು ಐದು ಅಲಾರಾಂ."

"ಯಾರೂ ಕೇಳಲಿಲ್ಲಂದ್ರ?"

"ಬಟನ್ ಒತ್ತೂ ತನಕ ಹೇಳಿದ್ದನ್ನ ಹೇಳತೈತ್ರೀ, ಬಿಡೂದಿಲ್ಲ."

"ಹಂಗಾರ ಥೇಟ್ ನನ್ನಂಗ ಐತಿ. ಕೊಡು ಇಲ್ಲೆ!"

ನಾಲ್ಕು ಅಲಾರಾಂಗಳನ್ನು ಅಂಗಡಿಯಲ್ಲೇ ಮುಸ್ತಾಕನ ಮುಂದೆ ಕುಳಿತು ತುಂಬಿಸಿದಳು. ಅವನೇ ಒತ್ತಿದ, ಅವನೇ ನಿಲ್ಲಿಸಿದ. ಹೊಳಿಯವ್ವ ಮಂತ್ರದಂತೆ ಬಾಯಿಪಾಠ ಮಾಡಿಕೊಂಡಳು: "ಕೆಳಗ ಮೂರು, ಬಲಕ್ಕ ಒಂದು, ನಡುವಿಂದು ಒತ್ತು, ಮಾತಾಡು."

ಮರುದಿನ ಬೆಳಿಗ್ಗೆ ಐದೂವರೆಗೆ ಆ ಅಂಗೈಯಷ್ಟು ಯಂತ್ರದಿಂದ ಹೊರಟ ಧ್ವನಿಗೆ ಓಣಿಯ ನಾಯಿಗಳು ದಿಕ್ಕೆಟ್ಟು ಓಡಿದವು. "ಫಕ್ಕೀರೇಶ್ಯಾ! ಏಳೋ! ರೈಲು ನಿಮ್ಮಪ್ಪಂದಲ್ಲ!" ಎಂಟಕ್ಕೆ "ಅಂಜಲೀ! ಗುಳಿಗಿ ನುಂಗು!" ಹೀಗೆ ನಾಲ್ಕು ಹೊತ್ತಿಗೆ ನಾಲ್ಕು ಆಜ್ಞೆ. ಎರಡೇ ದಿನದಲ್ಲಿ ಪಕ್ಕದ ಮನೆಯ ಸೈದಾಬಿ ಗೋಡೆಯ ಮೇಲಿಂದ ಇಣುಕಿದಳು.

"ಹೊಳಿಯವ್ವಾ, ಮೂವತ್ತು ವರ್ಷ ನಾ ಎಬ್ಬಿಸಿದ್ರ ಏಳದ ನಮ್ಮನಿಯವ್ರು ನಿನ್ನ ಫೋನಿಗೆ ಎದ್ದು ಕುಂದ್ರಾಕತ್ಯಾರ! ಎಂಟಕ್ಕ ತಾವೂ ಗುಳಿಗಿ ನುಂಗತಾರ. ಯಾವ ಗುಳಿಗಿ ಅಂತ ನನಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ!"

ಹೊಳಿಯವ್ವನ ಎದೆ ಒಂದು ಗೇಣು ಉಬ್ಬಿತು. ಮನೆಯನ್ನೇನು, ಓಣಿಯನ್ನೇ ಆಳುವ ಯೋಗ!

ಅಷ್ಟರಲ್ಲಿ ಅಂಜಲಿಗೆ ಏಳು ತುಂಬಿತು. ಕುಬಸ ಮಾಡಿ, ಹಸಿರು ಬಳೆ ಇಡಿಸಿ, ರಜೆ ಹಾಕಿಸಿ ಮನೆಯಲ್ಲಿ ಕೂರಿಸಿದ್ದಾಯಿತು. ಮನೆಯಲ್ಲಿ ಕುಳಿತ ಸೊಸೆಗೆ ದಿನಾ ಮೂರು ಗಂಟೆಗೆ ಎಳನೀರು ಕುಡಿಸಬೇಕು ಎಂದು ಹೊಳಿಯವ್ವ ಐದನೆಯ ಅಲಾರಾಂಗೆ ಕೈ ಹಾಕಿದಳು. ಈ ಸಲ ಮುಸ್ತಾಕನ ಹಂಗಿಲ್ಲ! ಒಬ್ಬಳೇ ಕುಳಿತು ಕೆಳಗೆ ಮೂರು, ಬಲಕ್ಕೆ ಒಂದು, ನಡುವಿನದು ಒತ್ತಿ, ಗಂಟಲು ಸರಿಮಾಡಿಕೊಂಡು ಹೇಳಿದಳು. ಹೇಳಿ ಮುಗಿಸಿ ಫೋನನ್ನು ಕಿಟಕಿಯಲ್ಲಿಟ್ಟು, ಜೋಳದ ಹಿಟ್ಟು ಸಾಣಿಸುತ್ತ ಕುಳಿತಳು.

ಎಡವಿದ್ದು ಇಲ್ಲೇ. ಮನುಷ್ಯರು ಮಾತು ನಿಲ್ಲಿಸಿದರೆ ಕೇಳುವವರೂ ಕೇಳುವುದನ್ನು ನಿಲ್ಲಿಸುತ್ತಾರೆ. ಯಂತ್ರವೂ ಅಷ್ಟು ಮರ್ಯಾದಸ್ತ ಇದ್ದೀತು ಎಂದು ಅವಳು ನಂಬಿದ್ದಳು. ನಿಲ್ಲಿಸಲು ಇನ್ನೊಮ್ಮೆ ಒತ್ತಬೇಕೆಂಬುದು ಮುಸ್ತಾಕನ ಬೆರಳಿಗೆ ಗೊತ್ತಿತ್ತೇ ಹೊರತು ಹೊಳಿಯವ್ವನ ಮಂತ್ರದಲ್ಲಿ ಇರಲಿಲ್ಲ. ಹಿಟ್ಟು ಸಾಣಿಸುವಾಗ ಗೋಡೆಯ ಮೇಲಿನ ಗಂಡನ ಫೋಟೋದೊಡನೆ ಸಂಸಾರದ ಸುಖದುಃಖ ಮಾತಾಡುವುದು ಅವಳ ರೂಢಿ. ಅಂದೂ ಮಾತಾಡಿದಳು. ಸಾಣಿಸಿದ ಮೇಲೆ ನೋಡಿದರೆ ಫೋನಿನಲ್ಲಿ ಕೆಂಪು ಚುಕ್ಕೆ ಉರಿಯುತ್ತಿತ್ತು. "ಇನ್ನೂ ಯಾಕ ಉರಿಯಾಕತ್ತೀದಿ?" ಎಂದು ನಡುವಿನದನ್ನು ಒತ್ತಿ ಆರಿಸಿದಳು.

ಆರು ದಿನ ಏನೂ ಆಗಲಿಲ್ಲ. ಮೂರಕ್ಕೆ "ಅಂಜಲೀ" ಎನ್ನುವಷ್ಟರಲ್ಲಿ ಅಂಜಲಿ ಎಲ್ಲಿದ್ದರೂ ಬಂದು ಬಟನ್ ಒತ್ತುತ್ತಿದ್ದಳು. ಮುಂದಿನ ಮಾತು ಯಾರ ಕಿವಿಗೂ ಬೀಳಲಿಲ್ಲ.

ಏಳನೆಯ ದಿನ ಸೋಮವಾರ. ಅಂಜಲಿಯನ್ನು ಚೊಚ್ಚಲ ಹೆರಿಗೆಗೆ ಕರೆದೊಯ್ಯಲು ಕುಪ್ಪೇಲೂರಿನಿಂದ ತಂದೆ ಪರಮೇಶಪ್ಪ ಬಂದ. ಅಂಜಲಿಯ ತಾಯಿ ತೀರಿ ಎಂಟು ವರ್ಷ. ಮನೆಯಲ್ಲಿ ಬೇರೆ ಹೆಣ್ಣುಮಕ್ಕಳೂ ಇಲ್ಲ. ಆದರೂ ಪದ್ಧತಿ ಪದ್ಧತಿಯೇ.

"ಖೋಲಿಗೆ ಸುಣ್ಣ ಹಚ್ಚಸೇನ್ರೀ ಅಕ್ಕಾರ. ತೊಟ್ಟಿಲಾ ರೆಡಿ ಐತಿ. ಎಣ್ಣಿ ನೀರು ಹಾಕಾಕ ಒಬ್ಬಾಕಿನ್ನ ಗೊತ್ತು ಮಾಡೇನಿ," ಎಂದು ಊಟಕ್ಕೆ ಕುಳಿತ ಪರಮೇಶಪ್ಪ ಹೇಳಿದ. "ತಾಯಿ ಇಲ್ಲಂತ ನನ್ನ ಮಗಳಿಗೆ ತವರ ಇಲ್ಲದಂಗ ಆಗಬಾರದ್ರೀ."

ಹೊಳಿಯವ್ವನಿಗೆ ಸೊಸೆ ತನ್ನ ಕಣ್ಣ ಮುಂದೆಯೇ ಹೆರಲಿ ಎಂಬ ಆಸೆ ಹೊಟ್ಟೆ ತುಂಬ ಇತ್ತು. ಆದರೆ ಗಂಡಿನ ತಾಯಿ ಚೊಚ್ಚಲ ಬಾಣಂತನ ಕೇಳುವುದೆಂದರೆ, "ನಿಮಗೆ ಮಗಳ ಬಾಣಂತನ ಮಾಡುವ ಗತಿ ಇಲ್ಲ" ಎಂದು ಬೀಗರ ಮುಖಕ್ಕೆ ಹೊಡೆದಂತೆ. ಅದಕ್ಕೇ ಮುಖ ಬಿಗಿದುಕೊಂಡು ಅಂದಳು: "ಕರ್ಕೊಂಡು ಹೋಗ್ರಿ, ಹೋಗ್ರಿ. ನಮಗೂ ನಾಕು ತಿಂಗಳು ಆರಾಮ!"

ಅಂಜಲಿ ತಲೆ ತಗ್ಗಿಸಿ ತಾಟಿನಲ್ಲಿ ಬೆರಳಾಡಿಸಿದಳು.

ಸೂಟ್‌ಕೇಸು ತುಂಬಿದವಳೂ ಹೊಳಿಯವ್ವನೇ. ಸೀರೆ ಹನ್ನೊಂದು, ಕೂಸಿನ ಮೆತ್ತನೆಯ ಬಟ್ಟೆ ಇಪ್ಪತ್ನಾಲ್ಕು, ಅಂಟಿನುಂಡಿ ಮೂವತ್ತು, ಗುಳಿಗೆಯ ಚೀಟಿ ಒಂದು. ಎಲ್ಲವನ್ನೂ ಎರಡೆರಡು ಸಲ ಎಣಿಸಿ ಇಟ್ಟಳು. ಎಣಿಸದೆ ಒಳಗೆ ಹೋದದ್ದು ಒಂದೇ: ಎಣಿಸುವಾಗ ಕೈಯಲ್ಲಿದ್ದ ಫೋನು! ಅಂದು ರಜೆ ಹಾಕಿದ್ದ ಫಕ್ಕೀರೇಶ ಮುಚ್ಚಳ ಒತ್ತಿ, ಮೂರು ಅಂಕಿಯ ನಂಬರ್ ಬೀಗ ತಿರುವಿ, ಭದ್ರ ಮಾಡಿದ.

ಬಾಗಿಲಲ್ಲಿ ಮೈಲಪ್ಪನ ಆಟೋ ನಿಂತಿತ್ತು. ಸೈದಾಬಿ ಬೀಳ್ಕೊಡಲು ಬಂದಿದ್ದಳು. ಅಂಜಲಿ ಅತ್ತೆಯ ಕಾಲು ಮುಟ್ಟಿದಳು. ಫಕ್ಕೀರೇಶ ಸೂಟ್‌ಕೇಸನ್ನು ಹೆಗಲಿಗೇರಿಸಿ ಹೊಸ್ತಿಲು ದಾಟಲು ಒಂದು ಕಾಲು ಎತ್ತಿದ. ಆಗ ಗಂಟೆ ಸರಿಯಾಗಿ ಮೂರು.

"ಅಂಜಲೀ! ಮೂರಾತು! ಎಳನೀರು ಕುಡಿ!"

ಕಿವಿಯ ಬುಡದಲ್ಲೇ ತಾಯಿ ಗುಡುಗಿದ್ದಕ್ಕೆ ಫಕ್ಕೀರೇಶ ಸೂಟ್‌ಕೇಸನ್ನು ದೊಪ್ಪನೆ ಕೆಳಗೆ ಬಿಟ್ಟ. ಒಳಗಿನಿಂದ ಜರಡಿಯ ಸದ್ದು ಬಂತು: ಸರಕ್, ಸರಕ್. ಆಮೇಲೆ ಶಾಂತವಾಗಿ ಮಾತು ಸುರುವಾಯಿತು.

"ನೋಡ್ರಿ, ಬರೂ ಸ್ವಾಮಾರ ಬೀಗ ಬರ್ತಾನ, ಪರಮೇಶಪ್ಪ. ಮೂರು ಸಲ ಅನ್ನ ಹಾಕಿಸ್ಕೊಂಡು, ನಾಕನೇ ಸಲಕ್ಕ ಬ್ಯಾಡ್ರೀ ಬ್ಯಾಡ್ರೀ ಅಂತ ತಾಟಿಗೆ ಕೈ ಅಡ್ಡ ಹಿಡೀತಾನ. ಸಾರು ಕೆಳಗ ಇಳೀಲಿ ಅಂತ ಬೆರಳು ಮಾತ್ರ ಅಗಲಾ ಮಾಡಿರ್ತಾನ!"

ಪರಮೇಶಪ್ಪ ಮೆಲ್ಲಗೆ ತನ್ನ ಬೆರಳುಗಳನ್ನು ನೋಡಿಕೊಂಡ. ಸೈದಾಬಿ ಸೆರಗನ್ನು ಬಾಯಿಗೆ ತುರುಕಿಕೊಂಡಳು.

"ಏ ಫಕ್ಕೀರೇಶ್ಯಾ! ಲಗೂ ತಗಿಯೋ!" ಹೊಳಿಯವ್ವನ ಕಿರುಚಾಟ.

"ನಂಬರ್ ನೆನಪಾಗವಲ್ತು ಯವ್ವಾ!"

"ಈಗಿನ್ನ ಹಾಕೀದಿ!"

"ಈಗಿನ್ನ ಮರತೇನಿ!"

ಮರೆವು ಸತ್ತ ಮನೆಯಲ್ಲಿ ಅದರ ದೆವ್ವ ಎದ್ದು ಕುಳಿತಿತ್ತು. ಫಕ್ಕೀರೇಶ ಸೊನ್ನೆ ಸೊನ್ನೆ ಒಂದರಿಂದ ತಿರುವತೊಡಗಿದ. ಹೊಳಿಯವ್ವ ಅವನನ್ನು ದಬ್ಬಿ, ಕೌದಿ ತಂದು ಸೂಟ್‌ಕೇಸಿನ ಮೇಲೆ ಹೊದಿಸಿ, ಅದರ ಮೇಲೆ ತಾನೇ ಕುಳಿತಳು. ಮೇಲೆ ಬಾಯಿ ಮುಚ್ಚಿದ ಹೊಳಿಯವ್ವ, ಕೆಳಗೆ ಮಾತಾಡುವ ಹೊಳಿಯವ್ವ!

"ನಿಮ್ಮ ಮಗ ರೈಲು ತಪ್ಪೇತಿ ಅಂತ ಹೇಳಿ ಹೆಂಡ್ತೀನ ಟಾಕೀಜಿಗೆ ಕರ್ಕೊಂಡು ಹೋಗಿದ್ದ. ನನಗ ಗೊತ್ತಿಲ್ಲಂತ ತಿಳ್ಕೊಂಡಾನ. ಹೋಗ್ಲಿ, ಹುಡುಗ್ರು... ಆಕಿ ಚಾ ನೀರಿನಂಗ ಐತಿ ಅಂತ ದಿನಾ ಬೈತೇನ್ರೀ. ಬೈಲಿಲ್ಲಂದ್ರ ನಾ ಅತ್ತಿ ಹೆಂಗ ಆಗ್ಲಿ? ಆದ್ರ ಒಂದು ಗುಟುಕೂ ಉಳಿಸೂದಿಲ್ಲ."

ಮೈಲಪ್ಪ ಆಟೋದ ಎಂಜಿನ್ ಬಂದ್ ಮಾಡಿದ. ಸರಿಯಾಗಿ ಕೇಳಿಸುತ್ತಿರಲಿಲ್ಲವಂತೆ.

"ಮೊನ್ನೆ ಕಾಲು ಬಾತಿದ್ದೂವು ಆಕೀವು. ನಾ ನೋಡೀನಿ ಅಂತ ನಿರಿಗಿ ಇಳಿಸಿ ಮುಚ್ಕೊಂಡ್ಲು. ಅಲ್ಲೆ ಯಾರು ನೋಡೋರು? ಯಾರನ್ನರ ಗೊತ್ತು ಮಾಡಿದ್ರ ಆಕಿ ಬರ್ತಾಳ, ಎಣ್ಣಿ ಹಚ್ತಾಳ, ಹೋಗ್ತಾಳ. ನೋವು ಹತ್ತಿದ್ರ ದವಾಖಾನಿಗೆ ಬಸ್ ಕಾಯಬೇಕೇನು? ಇಲ್ಲಾದ್ರ ನಾಕು ಹೆಜ್ಜಿ. ನನ್ನ ಕಡೇನ ಇರಲಿ ಅನಸ್ತೈತ್ರೀ..."

ಸರಕ್, ಸರಕ್. ಫಕ್ಕೀರೇಶ ನಂಬರ್ ತಿರುವುವ ಆಸೆಯನ್ನೇ ಬಿಟ್ಟಿದ್ದ.

"ಹೆಂಗ ಬಾಯಿ ಬಿಟ್ಟು ಕೇಳ್ಲಿ? ಕೇಳಿದ್ರ ಆ ಮನುಷ್ಯಾನ ಮೀಸಿ ಮಣ್ಣಾಗ ಇಟ್ಟಂಗ. ಒಳ್ಳೆ ಮನುಷ್ಯಾರೀ ಆತ. ತಾಯಿಲ್ಲದ ಹುಡುಗಿನ್ನ ಎಷ್ಟು ಚಂದ ಬೆಳಸ್ಯಾನ! ಅದಕ್ಕ ಸುಮ್ಮನ ಕುಂತೇನಿ. ಹೋಗಿ ಬರ್ಲಿ... ಆಕಿ ಹೋದ್ರ, ಈ ಮನ್ಯಾಗ ನಾ ಯಾರನ್ನ ಬೈಲಿ?"

ಜರಡಿ ನಿಂತಿತು. ಮೂಗು ಸೀನಿದ ಸದ್ದೊಂದು ಕೇಳಿತು. ಬಳಿಕ, "ಅಂಜಲೀ! ಮೂರಾತು! ಎಳನೀರು ಕುಡಿ!"

ಮತ್ತೆ ಮೊದಲಿನಿಂದ!

"ಅಕ್ಕಾರ," ಬಾಗಿಲಿನಿಂದ ಮೈಲಪ್ಪ ಕೇಳಿದ, "ಆ ಸಾರಿನ ಮಾತು ಇನ್ನೊಮ್ಮಿ ಬರತೈತೇನ್ರೀ?"

ಬಂತು. ಈ ಸಲ ಸೈದಾಬಿ ಸೆರಗು ಬಿಟ್ಟು ನಕ್ಕೇಬಿಟ್ಟಳು. ಹೊಳಿಯವ್ವ ಸೂಟ್‌ಕೇಸಿನ ಮೇಲಿಂದ ಎದ್ದು, ಕೌದಿಯ ಅಂಚು ಹಿಡಿದು, ನೆಲ ನೋಡುತ್ತ ನಿಂತಳು. ಹದಿನೆಂಟು ವರ್ಷ ಯಾರ್ಡಿನ ದಲಾಲರ ಮುಂದೆಯೂ ತಗ್ಗದ ತಲೆ ಅದು.

"ತಪ್ಪಾತ್ರೀ, ಬೀಗರ," ಅಂದಳು. "ಸಾರಿಂದೂ ತಪ್ಪಾತು. ಬಾಣಂತನದ್ದೂ ತಪ್ಪಾತು. ನೀವು ಕರ್ಕೊಂಡು ಹೋಗ್ರಿ."

ಪರಮೇಶಪ್ಪ ಬಹಳ ಹೊತ್ತು ಮೀಸೆ ತೀಡಿದ. ಮಗಳ ಕಾಲಿನ ಕಡೆ ನೋಡಿದ. ಅಂಜಲಿ ಇಂದೂ ನಿರಿಗೆ ಇಳಿಬಿಟ್ಟಿದ್ದಳು.

"ಅಕ್ಕಾರ, ಪದ್ಧತಿ ಅಂತೂ ಮುರಿಯಾಕ ಬರೂದಿಲ್ಲ," ಅಂದ. "ಚೊಚ್ಚಲ ಬಾಣಂತನ ತವರಾಗ ಆಗಬೇಕು."

"ಹೌದ್ರೀ."

"ತವರ ಅಂದ್ರ ಏನು? ಸುಣ್ಣ ಹಚ್ಚಿದ ಖೋಲಿ ಅಲ್ಲ. ತವರ ಅಂದ್ರ ಈಕೀಗೆ ನಾನ! ನಾ ಇದ್ದಲ್ಲೇ ತವರ." ಅವನು ಹೆಗಲ ಮೇಲಿನ ಟವೆಲು ಕೊಡವಿ ಗೂಟಕ್ಕೆ ಹಾಕಿ, ಜಮಖಾನೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತ. "ಅದಕ್ಕ ನಾನೂ ಇಲ್ಲೇ ಇರ್ತೇನಿ. ಮೈಲಪ್ಪಾ, ಆಟೋ ಒಯ್ಯಪಾ. ಅಕ್ಕಾರ, ರಾತ್ರಿ ಅಡಗಿಗೆ ಸಾರು ಒಂದೀಟು ಜಾಸ್ತೀನ ಇರಲಿ. ಇನ್ನ ಬೆರಳು ಅಗಲಾ ಮಾಡೂ ತ್ರಾಸು ಯಾಕ? ಕೈ ಅಡ್ಡ ಹಿಡಿಯೂದ ಇಲ್ಲ!"

ಹೊಳಿಯವ್ವನಿಗೆ ನಗು ಬಂತು, ಅಳು ಬಂತು. ಎರಡೂ ಒಟ್ಟಿಗೆ ಬಂದು ಬಿಕ್ಕಳಿಕೆ ಹತ್ತಿತು. ಸೂಟ್‌ಕೇಸು ಮಾತ್ರ ಟಾಕೀಜಿನ ಸಂಗತಿಯನ್ನು ಮೂರನೆಯ ಸಲ ಹೇಳುತ್ತಲೇ ಇತ್ತು.

ಅಂಜಲಿ ಕಣ್ಣೊರೆಸಿಕೊಂಡು ಬಂದು ಮೆಲ್ಲನೆ ನೆಲಕ್ಕೆ ಕುಳಿತಳು. ಬೀಗದ ಮೂರು ಅಂಕಿಗಳನ್ನು ಟಕ್, ಟಕ್, ಟಕ್ ಎಂದು ತಿರುವಿದಳು. ಮುಚ್ಚಳ ತೆರೆಯಿತು. ಸೀರೆಗಳ ನಡುವಿನಿಂದ ಫೋನು ತೆಗೆದು ಬಟನ್ ಒತ್ತಿದಳು. ಮನೆ ನಿಶ್ಶಬ್ದವಾಯಿತು.

ಹೊಳಿಯವ್ವ ಬಿಟ್ಟ ಕಣ್ಣು ಬಿಟ್ಟಂತೆ ನಿಂತಳು.

"ಏನಬೇ! ನಿನಗ ನಂಬರ್ ಗೊತ್ತಿತ್ತು?"

"ಗೊತ್ತಿತ್ರೀ ಅತ್ತಿ. ಹಾಕೂ ಮುಂದ ನಾ ಬಾಜೂಕನ ನಿಂತಿದ್ದೆ."

"ಮತ್ತ ಮೊದಲ ಯಾಕ ತಗೀಲಿಲ್ಲ?"

ಅಂಜಲಿ ಸೆರಗು ಸರಿಮಾಡಿಕೊಂಡು, ಬಹಳ ವಿನಯದಿಂದ ಹೇಳಿದಳು:

"ದೊಡ್ಡವರು ಮಾತಾಡೂ ಮುಂದ ನಡುವ ಬಾಯಿ ಹಾಕಬಾರದು ಅಂತ ನೀವ ಕಲಿಸೀರಲ್ರೀ, ಅತ್ತಿ!"